ಪಟೇಲರ ಮೊಟ್ಟೆ, ಕುಂಟಿಯ ಕಾವು

ಪಟೇಲರ ಕೊಟ್ಟಿಗೆ ಗುಡಿಸುವ ಹೆಂಗಸೊಬ್ಬಳು ಅವರ ಮನೆಯಿಂದ ಆರು ನಾಟಿ ಮೊಟ್ಟೆ ಪಾಲಿಗೆ ತಂದಳು. ಕುಂಟಿ ಅನ್ನುವ ತನ್ನ ಮುದಿ ಹೇಂಟೆಯನ್ನು ಕಾವಿಗೆ ಕೂರಿಸಿದಳು. ಮರಿಯಾದ ಮೇಲೆ ಅರ್ಧ ಅವರಿಗೆ, ಅರ್ಧ ಇವಳಿಗೆ. ಊರಿನ ಪದ್ಧತಿಯೇ ಅದು.

ಇಪ್ಪತ್ತೊಂದು ದಿನಕ್ಕೆ ಆರೂ ಮರಿ ಹೊರಗೆ ಬಂದವು. ಪಟೇಲರು ನೋಡಿ ಮೂಗು ಮುರಿದರು. "ಥೂ, ಎಲ್ಲಾ ಮಣ್ಣಿನ ಬಣ್ಣ! ನನಗ್ಯಾವುದೂ ಬೇಡ, ನೀನೇ ಇಟ್ಕೊ."

ಹದ್ದು, ಮುಂಗುಸಿ ಮುಟ್ಟದ ಹಾಗೆ ಕುಂಟಿ ಅವನ್ನು ಕಾಯಿತು. ಆರು ತಿಂಗಳಿಗೆ ಅದರಲ್ಲೊಂದು ಹುಂಜ ಎದ್ದು ನಿಂತಿತು ನೋಡಿ! ಕೆಂಡದಂಥ ಕತ್ತು, ನವಿಲು ಬಣ್ಣದ ಬಾಲ.

ಪಟೇಲರು ದಾಪುಗಾಲು ಹಾಕಿ ಬಂದರು. "ಮೊಟ್ಟೆ ನಂದು, ಹುಂಜವೂ ನಂದು. ಹಿಡಿದು ಕೊಡೇ!"

"ಆಗಲಿ ಬುದ್ಧಿ," ಎಂದಳು ಅವಳು. ಒಳಗಿಂದ ಹುಲ್ಲು ಹಾಸಿದ ಮಂಕರಿ ತಂದು ಅವರ ಮುಂದಿಟ್ಟಳು. ಅದರಲ್ಲಿ ಆರು ಮೊಟ್ಟೆ. "ನಿಮ್ಮ ಮೊಟ್ಟೆ ವಾಪಸ್ಸು ಬಂತು. ಕುಂಟಿ ಕೊಟ್ಟ ಕಾವನ್ನೂ ನೀವು ವಾಪಸ್ಸು ಕೊಡಿ. ಇಪ್ಪತ್ತೊಂದೇ ದಿನ, ಇವತ್ತೇ ಕೂತ್ಕೊಳ್ಳಿ. ಕಾಳು, ನೀರು ನಾನು ತಂದಿಡ್ತೀನಿ."

ಪಟೇಲರು ಮಂಕರಿ ನೋಡಿದರು. ತಮ್ಮ ಬಿಳಿ ಪಂಚೆ ನೋಡಿದರು. ಬೇಲಿಯಾಚೆ ಯಾರೋ ಕಿಸಕ್ಕೆಂದರು. ಆಮೇಲೆ ಪಟೇಲರೇ ಹೊಟ್ಟೆ ಹಿಡಿದು ನಕ್ಕರು. "ಹುಂಜ ನಿಂದೇ ಕಣವ್ವ!"

"ನಿಮ್ಮ ಮೊಟ್ಟೆ ಇಲ್ದಿದ್ರೆ ಇದೆಲ್ಲಿರ್ತಿತ್ತು ಬುದ್ಧಿ?" ಎಂದು ಅವಳು ಮನಸಾರೆ ಕೈ ಮುಗಿದಳು.

ಮಾರನೆಯ ಬೆಳಿಗ್ಗೆ ಪಟೇಲರು ತಾವೇ ಒಂದು ಮೊರ ರಾಗಿ ಹಿಡಿದು ಬಂದರು. ಅವಳು ಸೆರಗು ಒಡ್ಡಿದಳು.

"ನಿನಗಲ್ಲ," ಎಂದರು. "ಕುಂಟಿಯ ಬಾಣಂತನಕ್ಕೆ."