ಬಾಗಿಲ ಮುಂದಿನ ತಟ್ಟೆ

“ಗುರುಗಳೇ, ಕರುಣೆಯಿಂದ ಮಾಡಿದ ಕೆಲಸದಲ್ಲೂ ತಪ್ಪು ನುಸುಳುತ್ತದೆಯೇ?” ಎಂದು ಶಿಷ್ಯ ಕೇಳಿದ. ಗುರುಗಳು ಒಂದು ಕತೆ ಹೇಳಿದರು.

ಜಪಾನಿನಲ್ಲಿ ಸಾಕ್ಷ್ಯಚಿತ್ರ ಮಾಡುವವಳೊಬ್ಬಳಿದ್ದಳು. ಕಾರ್ಖಾನೆಯ ವಿಷನೀರಿನಿಂದ ಕೈಕಾಲು ಸೋತ ಮೀನುಗಾರರು, ಕೆಲಸ ಕಳೆದುಕೊಂಡು ಪಾರ್ಕಿನಲ್ಲಿ ಮಲಗುವ ಕೂಲಿಗಳು, ಹೀಗೆ ಯಾರೂ ತಿರುಗಿ ನೋಡದವರ ಬದುಕನ್ನೇ ಆಯುಷ್ಯವಿಡೀ ಚಿತ್ರಿಸಿದಳು. ಅವಳದೊಂದು ಕಟ್ಟುನಿಟ್ಟು. ಮುಗಿದ ಚಿತ್ರವನ್ನು ಲೋಕಕ್ಕೆ ತೋರಿಸುವ ಮುನ್ನ ಅದರಲ್ಲಿ ಇರುವವರ ಮನೆಗೇ ಹೋಗಿ ತೋರಿಸುವಳು. ಅವರು ಬೇಡವೆಂದ ಭಾಗವನ್ನು ಮರುಮಾತಿಲ್ಲದೆ ಕತ್ತರಿಸುವಳು. ಈ ವಿಷಯದಲ್ಲಿ ಅವಳಿಗೆ ತುಸು ಹೆಮ್ಮೆಯೂ ಇತ್ತು, ಇರಲಿ ಬಿಡು.

ಒಮ್ಮೆ ಅವಳು ಒಬ್ಬ ತಾಯಿಯ ಕುರಿತು ಚಿತ್ರ ಮಾಡಿದಳು. ಆ ತಾಯಿಯ ಮಗ ಶಾಲೆ ಬಿಟ್ಟು ಕೋಣೆ ಸೇರಿದವನು, ವರ್ಷಗಳಾದರೂ ಹೊರಗೆ ಬಂದಿರಲಿಲ್ಲ. ಆ ದೇಶದಲ್ಲಿ ಅಂಥವರು ಅನೇಕರು. ತಾಯಿ ಊಟದ ತಟ್ಟೆಯನ್ನು ಬಾಗಿಲ ಮುಂದಿಡುವಳು, ಅವನು ಒಳಗೆಳೆದುಕೊಳ್ಳುವನು. ಖಾಲಿ ತಟ್ಟೆ ಹೊರಗೆ ಬಂದರೆ, ಮಗ ಬದುಕಿದ್ದಾನೆಂದು ಅವಳಿಗೆ ಧೈರ್ಯ.

ಚಿತ್ರ ಮುಗಿಯಿತು. ನಿರ್ದೇಶಕಿ ಪದ್ಧತಿಯಂತೆ ಆ ಮನೆಗೆ ಹೋಗಿ ಪರದೆ ಕಟ್ಟಿದಳು. ಮಗನ ಮುಖವಾಗಲಿ ಹೆಸರಾಗಲಿ ಚಿತ್ರದಲ್ಲಿ ಬಾರದಂತೆ ಎಚ್ಚರ ವಹಿಸಿದ್ದಳು. ಅವನಿಗೆ ಕಿವಿಯಿದೆ ಎಂಬುದನ್ನು ಮರೆತಿದ್ದಳು. ಪರದೆಯ ಮೇಲೆ ತಾಯಿ ಅಳುತ್ತ, “ಇವನು ಹುಟ್ಟದೇ ಇದ್ದಿದ್ದರೆ ಚೆನ್ನಾಗಿತ್ತು ಅಂತ ಒಮ್ಮೊಮ್ಮೆ ಅನ್ನಿಸುತ್ತದೆ” ಎಂದಳು. ಮಾತು ಮನೆಯಿಡೀ ಕೇಳಿಸಿತು. ಮುಚ್ಚಿದ ಕೋಣೆಯೊಳಗೆ ಏನೋ ಬಿದ್ದ ಸದ್ದಾಯಿತು. ಆಮೇಲೆ ಯಾವ ಸದ್ದೂ ಇಲ್ಲ.

ಒಳಗಿರುವವನೂ ಈ ಚಿತ್ರದವನೇ. ಎಲ್ಲರ ಒಪ್ಪಿಗೆ ಕೇಳುವ ತಾನು ಅವನನ್ನು ಒಂದು ಮಾತೂ ಕೇಳಿರಲಿಲ್ಲ ಎಂಬುದು ನಿರ್ದೇಶಕಿಗೆ ಆಗ ಹೊಳೆಯಿತು. ಬಾಗಿಲ ಬಳಿ ಮೊಣಕಾಲೂರಿ ಕ್ಷಮೆ ಕೇಳಿದಳು. ತಾಯಿ ಅನ್ನದ ತಟ್ಟೆ ತಂದು ಬಾಗಿಲ ಮುಂದಿಟ್ಟಳು. ಇಬ್ಬರೂ ಅದನ್ನೇ ನೋಡುತ್ತ ಕೂತರು. ಅನ್ನ ಆರಿತು. ತಟ್ಟೆ ಇದ್ದಲ್ಲೇ ಇತ್ತು. ಮರುದಿನವೇ ರಾಜಧಾನಿಯಲ್ಲಿ ಚಿತ್ರದ ಮೊದಲ ಪ್ರದರ್ಶನ. ನಿರ್ದೇಶಕಿಯ ಫೋನು ಹೊಡೆದುಕೊಳ್ಳುತ್ತಲೇ ಇತ್ತು, ಅವಳು ಎತ್ತಲಿಲ್ಲ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ.

“ಮರುದಿನ ಆ ಚಿತ್ರ ತೋರಿಸಿದಳೇ, ಗುರುಗಳೇ?”

ಗುರುಗಳು ಅವನ ಮುಖವನ್ನೇ ನೋಡಿ ಹೇಳಿದರು: “ಹುಡುಗ ಉಂಡನೇ ಎಂದು ನೀನೂ ಕೇಳಲಿಲ್ಲವಲ್ಲಪ್ಪ.”