ನಡುಗದ ಕೈ

ಇದು ಮನೆ ಮಾತು, ಯಾರ ಮುಂದೆಯೂ ಬಾಯಿ ಬಿಡಬೇಡ ಅಂತ ನಮ್ಮಜ್ಜಿ ಮಾತು ತಗೊಂಡಿದ್ರು. ಇಷ್ಟು ದಿನ ಬಿಟ್ಟಿಲ್ಲ. ಇವತ್ತು ಹೇಳ್ತೀನಿ, ಒಂದೇ ಸಲ.

"ಅವ್ವಾ, ನಷ್ಟ ಆದ್ರೂ ನಗ್ತಾ ಇರೋನನ್ನ ನಂಬಬಹುದಲ್ವಾ?" ಅಂತ ಒಬ್ಬ ಶಿಷ್ಯ ಕೇಳಿದ.

ಕೇಳಿದೋನು ಕೊಟ್ರೇಶಿ, ನೇಕಾರ. ಹೊಳೆ ದಂಡೆ ಮಠದಲ್ಲಿ ಒಬ್ಬರು ಮುದುಕಿ ಇದ್ರು. ಅವರನ್ನ ಎಲ್ರೂ ಅವ್ವ ಅಂತಲೇ ಕರೀತಿದ್ರು. ಕೊಟ್ರೇಶಿ ದಿನಾ ಅವರ ಕಾಲ ಹತ್ರ ಬಂದು ಕೂರೋನು. ಅವತ್ತು ಕೂರಲೇ ಇಲ್ಲ, ಕಂಬ ಹಿಡ್ಕೊಂಡು ನಿಂತಿದ್ದ.

"ಯಾರಪ್ಪ ಅವನು?"

"ಪೇಟೆಗೆ ಹೊಸದಾಗಿ ಬಂದಿರೋ ವ್ಯಾಪಾರಿ. ಹೋದ ತಿಂಗಳು ಅವನ ಒಂದು ಗಾಡಿ ಹತ್ತಿ ಸುಟ್ಟು ಬೂದಿ ಆಯ್ತು. ಎಲೆ ಅಡಿಕೆ ಹಾಕ್ಕೊಂಡು ನಗ್ತಾ ನಿಂತಿದ್ದ ಪುಣ್ಯಾತ್ಮ! ಅರ್ಧ ಬೆಲೆಗೆ ನೂಲು ತರಿಸಿಕೊಡ್ತಾನಂತೆ. ಓಣಿಯೋರ ದುಡ್ಡೆಲ್ಲ ನನ್ನ ಹತ್ರ ಇದೆ. ಕೊಡ್ಲಾ?"

ಕೊಡ್ಲಾ ಅಂತ ಕೇಳಿದ, ಆದ್ರೆ ಬೆಳಿಗ್ಗೆನೇ ಕೊಟ್ಟು ಬಂದಿದ್ದ. ಅವ್ವನ ಬಾಯಲ್ಲಿ ಹೂಂ ಅನ್ನಿಸ್ಕೊಂಡು ಹೋದ್ರೆ ನೆಮ್ಮದಿ ಅಂತ ಬಂದಿದ್ದ, ಅಷ್ಟೆ.

ಅವ್ವ ಹೂಂ ಅನ್ನಲಿಲ್ಲ. ಒಂದು ಕತೆ ಹೇಳಿದ್ರು.

ಒಂದೂರಲ್ಲಿ ಒಬ್ಬ ಉಪ್ಪಿನ ವ್ಯಾಪಾರಿ ಇದ್ದ. ಆ ವರ್ಷ ಹೊಳೆ ತುಂಬಿ ಹರಿಗೋಲು ನಿಂತು ಹೋಗಿತ್ತು. ಆಚೆ ದಡದಲ್ಲಿ ಉಪ್ಪಿಗೆ ಮೂರು ಪಟ್ಟು ಬೆಲೆ. "ಈಗ ದಾಟಿಸಿದ್ರೆ ಒಂದಕ್ಕೆ ಮೂರು" ಅಂದ ವ್ಯಾಪಾರಿ. ಒಂಬತ್ತು ಮನೆಯೋರು ಓಲೆ, ಬಳೆ ಮಾರಿ ಉಪ್ಪು ತಗೊಂಡ್ರು. ಆದ್ರೂ ಹೊಳೆ ನೋಡಿ ಹಿಂದೆ ಮುಂದೆ ನೋಡ್ತಿದ್ರು.

ಆ ಊರಲ್ಲಿ ಒಂದು ಪದ್ಧತಿ ಇತ್ತು. ತುಂಬಿದ ಹೊಳೇಲಿ ಬೇರೆಯೋರ ಸರಕು ಬಿಡೋನು, ಮೊದಲನೇ ಹರಿಗೋಲಲ್ಲಿ ತನ್ನ ಮನೆಯೋರೊಬ್ಬರನ್ನ ಕೂರಿಸಬೇಕು. ಹಗ್ಗ ತಾನೇ ಬಿಚ್ಚಬೇಕು. ಬಿಚ್ಚೋವಾಗ ಅಂಬಿಗ ಅವನ ಕೈ ಹಿಡ್ಕೊಂಡಿರ್ತಾನೆ.

ವ್ಯಾಪಾರಿ ತನ್ನ ಏಳು ವರ್ಷದ ಮಗಳನ್ನ ಎತ್ಕೊಂಡು ಬಂದ. ಇದ್ದೋಳು ಒಬ್ಬಳೇ ಮಗಳು. ಕೈಗೆ ಒಂದು ಬೆಲ್ಲದ ಉಂಡೆ ಕೊಟ್ಟು, ಮೂಟೆ ಮೇಲೆ ಕೂರಿಸಿದ. ಜನಕ್ಕೆ ಜೀವ ಬಂತು. ಹೆತ್ತ ಮಗಳನ್ನೇ ಕೂರಿಸಿದಾನೆ ಅಂದ್ಮೇಲೆ ಇನ್ನೇನು ಭಯ ಅಂದ್ರು. ಅವನ ಹೆಂಡತಿಗೂ ಹಾಗೇ ಅನ್ನಿಸ್ತು. ದಡದಲ್ಲಿ ನಿಂತು ಮಗಳಿಗೆ ಕೈ ಬೀಸಿದಳು.

ಮುದುಕ ಅಂಬಿಗ ವ್ಯಾಪಾರಿ ಕೈ ಹಿಡ್ಕೊಂಡ. ಹಿಡಿದೋನು ತಟ್ಟನೆ ಬಿಟ್ಟ.

"ಹೆತ್ತ ಮಗಳನ್ನ ಬಿಡೋವಾಗಲೂ ಈ ಕೈ ನಡುಗ್ತಾನೇ ಇಲ್ಲ. ನಾನು ಹುಟ್ಟು ಹಾಕಲ್ಲ."

"ನಡುಗೋದು ನಿನ್ನ ಕೈ ಬಿಡು ತಾತ, ಮನೆಗೆ ಹೋಗಿ ಗಂಜಿ ಕುಡಿ!" ಅಂತ ಜನ ನಕ್ರು. ವ್ಯಾಪಾರಿ ಎಲ್ಲರಿಗಿಂತ ಜೋರಾಗಿ ನಕ್ಕ. ಎರಡು ಪಟ್ಟು ಕೂಲಿ ಕೊಟ್ಟು ಇನ್ನೊಬ್ಬ ಅಂಬಿಗನನ್ನ ಕರೆಸಿದ. ಹಗ್ಗ ಬಿಚ್ಚಿದ.

ನಡು ಹೊಳೇಲಿ ಹರಿಗೋಲು ಎರಡು ಸುತ್ತು ತಿರುಗ್ತು, ಬಂಡೆಗೆ ಬಡಿದು ಮಗುಚಿಕೊಳ್ತು. ಅಂಬಿಗ ಈಜಿ ದಡ ಸೇರಿದ. ಹುಡುಗಿ ಬರಲಿಲ್ಲ.

ವ್ಯಾಪಾರಿ ಸ್ವಲ್ಪ ಹೊತ್ತು ನೀರು ನೋಡಿದ. ಆಮೇಲೆ ಅಂದ, "ಇನ್ನೊಂದು ಹರಿಗೋಲಿದೆ. ಈ ಸಲ ಇನ್ನೂ ಮೇಲಿಂದ ಬಿಡೋಣ. ಬೆಲೆ ಇನ್ನೂ ಇಳಿದಿಲ್ಲ."

ಮೊದಲನೇದ್ರಲ್ಲಿ ಉಪ್ಪು ಕಳ್ಕೊಂಡೋರಲ್ಲಿ ನಾಲ್ಕು ಜನ, ಹೋದದ್ದು ಇದರಲ್ಲಾದ್ರೂ ಬರಲಿ ಅಂತ ಉಳಿದ ಮೂಟೆ ತಂದು ಹಾಕಿದ್ರು. ಅದೂ ಹೋಯ್ತು. ಉಪ್ಪು ನೀರಲ್ಲಿ ಹೋದ್ರೆ ಹುಡುಕೋಕೂ ಏನೂ ಇರಲ್ಲ.

ಅವತ್ತು ನೆರೆಮನೆಯೋರು ಅನ್ನ ಸಾರು ತಂದಿಟ್ರು. ವ್ಯಾಪಾರಿ ಕೈ ತೊಳೆದು ಕೂತು ಹೊಟ್ಟೆ ತುಂಬ ಉಂಡ. ಸಾರಿಗೆ ಉಪ್ಪು ಸಾಲದು ಅಂದ.

ಅವ್ವ ಅಲ್ಲಿಗೆ ನಿಲ್ಲಿಸಿದ್ರು.

ಕೊಟ್ರೇಶಿಗೆ ಬೆಳಿಗ್ಗೆ ಕೊಟ್ಟ ದುಡ್ಡಿನ ಗಂಟು ಕಣ್ಣ ಮುಂದೆ ಬರ್ತಿತ್ತು, ಆ ವ್ಯಾಪಾರೀನ ಬಿಟ್ಟುಕೊಡೋಕೆ ಮನಸ್ಸು ಬರಲಿಲ್ಲ. "ಆದ್ರೆ ಅವ್ವಾ, ಅವನು ಮೋಸ ಮಾಡಲಿಲ್ವಲ್ಲ. ಬೇರೆಯೋರದ್ದು ಉಪ್ಪು ಹೋಯ್ತು, ಅವನದು ಮಗಳೇ ಹೋದಳು. ಎಲ್ಲರಿಗಿಂತ ಹೆಚ್ಚು ಕಳ್ಕೊಂಡೋನು ಅವನೇ ಅಲ್ವಾ?"

"ಅವನದು ಏನೂ ಹೋಗಲಿಲ್ಲ ತಮ್ಮಾ, ಹೋಗಿದ್ದು ನನ್ನ ಮಗಳು."

ಕೊಟ್ರೇಶಿ ಅವ್ವನ ಕಾಲು ಮುಟ್ಟೋದೂ ಮರೆತು ಹೊರಗೆ ಬಂದ. ಮೊದಲು ನಡೆದ, ಆಮೇಲೆ ಓಡಿದ. ಓಣಿ ಮುಂದೆ ಹಾಯ್ದು ಹೋಗುವಾಗ ಯಾರೋ "ನೂಲು ಯಾವಾಗ ಬರುತ್ತೆ ಕೊಟ್ರೇಶಣ್ಣಾ?" ಅಂತ ಕೂಗಿದ್ರು. ಅವನು ತಿರುಗಿ ನೋಡಲಿಲ್ಲ.

ಪೇಟೇಲಿ ವ್ಯಾಪಾರಿ ಮನೆ ಬಾಗಿಲು ಹಾಕಿತ್ತು. ಕೊಟ್ರೇಶಿ ಬಡಿದ. ಬಡೀತಿದ್ದ ಕೈ ನಡುಗ್ತಿತ್ತು. ಇನ್ನೊಂದು ಕೈಯಲ್ಲಿ ಅದನ್ನ ಬಿಗಿಯಾಗಿ ಹಿಡ್ಕೊಂಡು ಮತ್ತೆ ಬಡಿದ, ಕೂಗಿದ, ಮತ್ತೆ ಬಡಿದ.

ಒಳಗಿಂದ ಯಾರೂ ಓಗೊಡಲಿಲ್ಲ.