ಡುಬ್ಬಣ್ಣನ ಮೈಯಳತೆ

ಮಕ್ಕಳೇ, ಬಿದಿರು ಮೆಳೆಗಳ ಒಂದು ಕಾಡಿನಲ್ಲಿ ಡುಬ್ಬಣ್ಣ ಎಂಬ ಹೋರಿ ಇದ್ದ. ಹೊಟ್ಟೆಯಲ್ಲಿ ಹುಳು ಸೇರಿ, ತಿಂದದ್ದೆಲ್ಲ ಅವಕ್ಕೇ ಹೋಗಿ, ಪಕ್ಕೆಲುಬುಗಳು ಎಣಿಸುವಂತೆ ಎದ್ದಿದ್ದವು. ಜಂಬ ಮಾತ್ರ ಒಂದು ಚೂರೂ ಇಳಿದಿರಲಿಲ್ಲ!

ಕಾಡಿನ ವೈದ್ಯೆ ಮುಸುವಜ್ಜಿ ಎಂಬ ಮುದಿ ಕೋತಿ. ಅವಳು ಕಹಿಸೊಪ್ಪಿನ ರಸ ಕುಡಿಸಿ ಹುಳು ಬೀಳಿಸುತ್ತಿದ್ದಳು. ಮೈತೂಕಕ್ಕೆ ತಕ್ಕಷ್ಟೇ ರಸ. ಕಾಡಿನಲ್ಲಿ ತಕ್ಕಡಿ ಎಲ್ಲಿಂದ ಬರಬೇಕು? ಮುಂಗಾಲುಗಳ ಹಿಂದೆ ಎದೆಯ ಸುತ್ತ ಬಳ್ಳಿ ಹಿಡಿದು ಅಳೆಯುವಳು. ಭುಜದಿಂದ ಬಾಲದ ಬುಡದವರೆಗೆ ಉದ್ದ ನೋಡುವಳು. ಆಮೇಲೆ ಪಕ್ಕೆ ಮುಟ್ಟಿ, ಮಾಂಸವೆಷ್ಟು ಮೂಳೆಯೆಷ್ಟು ಎಂದು ತಿಳಿಯುವಳು.

ಅಂದು ಕಾಡೆಮ್ಮೆ ಗೌರಕ್ಕನಿಗೆ ಆರು ದೊನ್ನೆ ರಸ ಸಿಕ್ಕಿತು. ಬಡಕಲು ಡುಬ್ಬಣ್ಣನಿಗೆ ಮೂರು ದೊನ್ನೆ ಸಾಕಿತ್ತು.

'ಅವಳಿಗೆ ಆರು, ನನಗೆ ಮೂರೇ ಅಂದರೆ ಮರ್ಯಾದೆ ಏನಾದೀತು?' ಎಂದುಕೊಂಡ ಡುಬ್ಬಣ್ಣ ಕೆರೆಗಿಳಿದು ಹೊರಳಾಡಿ, ದಪ್ಪಗೆ ಕೆಸರು ಮೆತ್ತಿಕೊಂಡು ಬಂದ. ಬಳ್ಳಿ ಸುತ್ತುವಾಗ ಉಸಿರು ಬಿಗಿಹಿಡಿದು ಎದೆಯುಬ್ಬಿಸಿದ.

"ಏನಪ್ಪಾ, ಮೈಯೆಲ್ಲ ಕೆಸರು?" ಎಂದಳು ಅಜ್ಜಿ.

"ನೊಣದ ಕಾಟ ಅಜ್ಜಿ."

"ನಿಲ್ಲು, ಪಕ್ಕೆ ಮುಟ್ಟಿ ನೋಡ್ತೀನಿ."

"ಬೇಡ ಬೇಡ, ಕಚಗುಳಿ ಆಗುತ್ತೆ!"

ಅಜ್ಜಿಗೆ ಕಣ್ಣು ಮಂಜು. ಮೇಲಾಗಿ ಹಿಂದೆ ಹತ್ತು ಪ್ರಾಣಿಗಳು ಕಾಯುತ್ತಿದ್ದವು. "ಆಯ್ತು, ಆರು ದೊನ್ನೆ," ಎಂದುಬಿಟ್ಟಳು. ಡುಬ್ಬಣ್ಣ ಗೌರಕ್ಕನ ಕಡೆ ಓರೆಗಣ್ಣಲ್ಲಿ ನೋಡುತ್ತ ಗಟಗಟನೆ ಕುಡಿದ.

ಸ್ವಲ್ಪ ಹೊತ್ತಿಗೇ ಹೊಟ್ಟೆ ಗುಡುಗಿತು. ಡುಬ್ಬಣ್ಣ ಬಾಲವೆತ್ತಿಕೊಂಡು ಪೊದೆಗೆ ಓಡಿದ. ಬಂದ. ಮತ್ತೆ ಓಡಿದ. ಸಂಜೆಯಾಗುವಷ್ಟರಲ್ಲಿ ಹುಳುವಿನ ಜೊತೆ ಜೀವವೂ ಹೋದೀತೇನೋ ಎಂಬಂತಾಗಿ ಕುಸಿದು ಬಿದ್ದ.

ಗೌರಕ್ಕ ಗಾಬರಿಯಿಂದ ಅಜ್ಜಿಯನ್ನು ಕರೆತಂದಳು. ಅಷ್ಟರಲ್ಲಿ ಒಣಗಿದ ಕೆಸರು ಹಪ್ಪಳದಂತೆ ಕಳಚಿ ಬಿದ್ದಿತ್ತು. ಅಜ್ಜಿ ಪಕ್ಕೆ ಸವರಿದಳು. ಒಂದೊಂದು ಎಲುಬೂ ಬೆರಳಿಗೆ ಸಿಕ್ಕಿತು.

"ಅಯ್ಯೋ ಮಂಕೇ! ನಾನು ಔಷಧಿ ಕೊಟ್ಟಿದ್ದು ನಿನಗಾ, ಕೆರೆಯ ಕೆಸರಿಗಾ?"

"ಗೌರಕ್ಕನಿಗಿಂತ ಕಮ್ಮಿ ಅನ್ನಿಸ್ಕೊಳ್ಳೋಕೆ ನಾಚಿಕೆ ಆಯ್ತು ಅಜ್ಜಿ," ಎಂದು ಡುಬ್ಬಣ್ಣ ನರಳಿದ.

ಗೌರಕ್ಕ ನಗು ತಡೆದುಕೊಂಡು, "ಪೊದೆಗೆ ಓಡೋದ್ರಲ್ಲಿ ನೀನೇ ಮುಂದೆ ಬಿಡಪ್ಪ," ಎಂದಳು.

"ಮುಟ್ಟಿ ನೋಡದೆ ಕೊಟ್ಟಿದ್ದು ನನ್ನ ತಪ್ಪೂ ಹೌದು," ಎಂದ ಅಜ್ಜಿ, ಬಿಲ್ವದ ಹಣ್ಣು ಕಿವುಚಿದ ನೀರು ಕುಡಿಸಿ ಪಕ್ಕದಲ್ಲೇ ಕುಳಿತಳು. ಮೂರನೆಯ ದಿನ ಡುಬ್ಬಣ್ಣ ಎದ್ದು ನಿಂತು, ಎಳೆ ಹುಲ್ಲಿಗೆ ಮೆಲ್ಲಗೆ ಬಾಯಿ ಹಾಕಿದ.

ನೀತಿ: ಇರುವುದಕ್ಕಿಂತ ದೊಡ್ಡವರಂತೆ ತೋರಿಸಿಕೊಂಡರೆ, ಅದರ ಕಷ್ಟವನ್ನು ನಾವೇ ಅನುಭವಿಸಬೇಕು.